ಮಿರರ್ ಸರ್ವರ್‌ಗೆ ಒಂದೇ ದೊಡ್ಡ ಡಿಸ್ಕ್ ಹಾಕಿದರೆ ಸಾಲದು

ಬಳ್ಳಾರಿ ಕಡೆಯ ಬಯಲಾಟದ ಆಡಿಯೊ ಕೂಡಿಸಿಡುವ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: 'ಮಿರರ್ ಸರ್ವರ್‌ನಲ್ಲಿ ಒಂದು 2 ಟಿಬಿ ಡಿಸ್ಕ್ ತೆಗೆದು 4 ಟಿಬಿ ಹಾಕಿ, ಒಟ್ಟು 6 ಟಿಬಿ ಸಿಗುತ್ತದೆ.' ಇದು ತಪ್ಪು.

ಮಿರರ್ ಅಂದರೆ ಸರ್ವರ್‌ನ ಎರಡೂ ಡಿಸ್ಕ್‌ನಲ್ಲಿ ಅದೇ ಹಾಡು, ಅದೇ ಮಾತು. ಹಾಗಾಗಿ ಜಾಗ ಸಿಗುವುದು ಚಿಕ್ಕ ಡಿಸ್ಕ್‌ನ ಅಳತೆಗೆ, ಅಂದರೆ 2 ಟಿಬಿಯೇ. ಉಳಿದದ್ದು ಸುಮ್ನೆ ಖಾಲಿ. ಜಾಸ್ತಿ ಬೇಕಾದರೆ ಎರಡನ್ನೂ ಬದಲಿಸಬೇಕು, ಅದೂ ಒಂದೊಂದಾಗಿ. ಮೊದಲನೆಯದರ ಸಿಂಕ್, ಅಂದರೆ ಉಳಿದ ಡಿಸ್ಕ್‌ನಿಂದ ಹೊಸದಕ್ಕೆ ಎಲ್ಲ ನಕಲಾಗುವುದು, ಮುಗಿಯುವ ತನಕ ಎರಡನೆಯದನ್ನು ಮುಟ್ಟಬೇಡಿ. ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ಆ ಹೊತ್ತಿನಲ್ಲಿ ಕೈಯಲ್ಲಿರುವುದು ಒಂದೇ ಪೂರ್ತಿ ಪ್ರತಿ. ನಮ್ಮ ಬೇಸಿಗೆಯ ಕರೆಂಟ್ ಗೊತ್ತಲ್ವಾ? ಯುಪಿಎಸ್ ಇಟ್ಟುಕೊಳ್ಳಿ. ಲಿನಕ್ಸ್‌ನಲ್ಲಿ ಎರಡೂ ಬದಲಿಸಿದ ಮೇಲೆ ಮೊದಲು ಅರೇ (ಎರಡೂ ಡಿಸ್ಕ್ ಸೇರಿದ ಜೋಡಿ) ಹಿಗ್ಗಿಸಬೇಕು, ಆಮೇಲೆ ಅದರ ಮೇಲಿನ ಫೈಲ್ ಸಿಸ್ಟಮ್ (ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ).

'ಮಿರರ್ ಇದ್ದರೆ ಬ್ಯಾಕಪ್ ಬೇಡ' ಅಂತಲೂ ಅದೇ ಮೆಸೇಜಿನಲ್ಲಿದೆ. ನಾನೇ ಒಮ್ಮೆ ಕೈತಪ್ಪಿ ಒಂದು ಫೋಲ್ಡರ್ ಅಳಿಸಿದೆ. ಎರಡೂ ಡಿಸ್ಕ್‌ನಿಂದ ಒಟ್ಟಿಗೇ ಹೋಯಿತು. ರಾತ್ರಿಯಿಡೀ ಎಂಟು ಗಂಟೆಯ ಆಟ, ಸಿಡಿ ಗುಣಮಟ್ಟದ ವೇವ್ ಫೈಲ್ ಆದರೆ ಸುಮಾರು 5 ಜಿಬಿ. ಅದರ ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ, ಬೇರೆ ಮನೆಯಲ್ಲಿ ಇರಲಿ. ತೆಗೆದಿಟ್ಟ ಹಳೆಯ 2 ಟಿಬಿ ಚೆನ್ನಾಗಿದ್ದರೆ ಅದೇ ಸಾಕು.