ಗ್ರೇಹೌಂಡ್ ರೇಸ್ ಬಂದ್ ಮಾಡಿದ್ರೆ ಆ ನಾಯಿಗಳಿಗೆ ಒಳ್ಳೇದಾಗುತ್ತಾ?

2024ರ ಡಿಸೆಂಬರ್‌ನಲ್ಲಿ ನ್ಯೂಜಿಲೆಂಡ್‌ನ ರೇಸಿಂಗ್ ಮಂತ್ರಿ ವಿನ್‌ಸ್ಟನ್ ಪೀಟರ್ಸ್, 2026 ಜುಲೈ 31ಕ್ಕೆ ಇಲ್ಲಿ ಗ್ರೇಹೌಂಡ್ ರೇಸ್ ಪೂರ್ತಿ ನಿಲ್ಲುತ್ತೆ ಅಂತ ಹೇಳಿದ್ರು. ಆಗ ಮನೆ ಹುಡುಕಬೇಕಾಗಿದ್ದ ನಾಯಿಗಳು ಸುಮಾರು 2,900. ಆಕ್ಲೆಂಡ್‌ನಲ್ಲಿರೋ ನಾನೂ, ಇಲ್ಲೇ ವೆಟ್ ಕ್ಲಿನಿಕ್‌ನಲ್ಲಿ ಕೆಲಸ ಮಾಡೋ ನಮ್ಮಣ್ಣನೂ ಅವತ್ತಿಂದ ಇದರ ಮೇಲೆ ವಾದ ಮಾಡ್ತಾನೇ ಇದೀವಿ. ಪರ ನಂದು, ವಿರೋಧ ಅವನದು, ಅವನು ಹೇಳಿದ ಹಾಗೇ ಬರೆದಿದೀನಿ.

ಪರ

ನಮ್ಮನೆಯದೂ ರೇಸ್ ಬಿಟ್ಟು ಬಂದ ಗ್ರೇಹೌಂಡೇ, ಬಂದಾಗ ಅದಕ್ಕೆ ನಾಲ್ಕು ವರ್ಷ. ಮುಧೋಳ ನಾಯಿ ನೋಡಿದವರಿಗೆ ಆ ಮೈಕಟ್ಟು ಹೊಸದೇನಲ್ಲ, ಅದೇ ಸಣ್ಣ ಸೊಂಟ, ಉದ್ದ ಮೂತಿ. ಆದ್ರೆ ಬಂದ ದಿನ ಅದು ಟೈಲ್ಸ್ ಮೇಲೆ ನಾಲ್ಕೂ ಕಾಲು ಅಗಲ ಮಾಡ್ಕೊಂಡು ನಡುಗ್ತಾ ನಿಂತುಬಿಡ್ತು, ಮೆಟ್ಟಿಲು ಹತ್ತೋಕೆ ಬರಲ್ಲ, ಗಾಜಿನ ಬಾಗಿಲು ಅಂದ್ರೆ ಗೊತ್ತಿಲ್ಲ, ಸೀದಾ ಹೋಗಿ ಮೂತಿ ಗುದ್ದಿಕೊಳ್ತು, ಪಾಪ ಕೆನಲ್ (ರೇಸ್ ನಾಯಿಗಳನ್ನ ಇಡೋ ಗೂಡು) ಬಿಟ್ಟು ಬೇರೇನೂ ನೋಡೇ ಇರ್ಲಿಲ್ಲ. ತೊಡೆ ಹಿಂದೆ ಕೂದಲೇ ಇಲ್ಲ. ಬಲ ಹಿಂಗಾಲಿನ ಗಿಣ್ಣು ಮುಟ್ಟಿದ್ರೆ ಗಂಟು ಸಿಗುತ್ತೆ, ಹಳೇ ಮುರಿತ.

ಆ ಮುರಿತ ಬರೀ ಕೆಟ್ಟ ಗಳಿಗೆ ಅಲ್ಲ. ಟ್ರ್ಯಾಕ್‌ನಲ್ಲಿ ಯಾವಾಗ್ಲೂ ಎಡಕ್ಕೇ ತಿರುಗ್ತಾ ಓಡ್ತವೆ, ಗಂಟೆಗೆ 60 ಕಿಲೋಮೀಟರ್ ಸ್ಪೀಡಲ್ಲಿ ತಿರುವಿಗೆ ಬಂದಾಗ ಭಾರ ಬಲಗಾಲಿಗೆ ಬೀಳುತ್ತೆ, ಅದಕ್ಕೇ ಅದೇ ಗಿಣ್ಣಿನ ಮೂಳೆ ಎಷ್ಟೋ ನಾಯಿಗಳಿಗೆ ಮುರಿಯುತ್ತೆ. 2013, 2017, 2021, ಮೂರು ಸಲ ಇಲ್ಲಿಯ ಗ್ರೇಹೌಂಡ್ ರೇಸಿಂಗ್ ಬಗ್ಗೆ ರಿವ್ಯೂ ಮಾಡಿಸಿದ್ರು. ಇನ್ನೆಷ್ಟು ಅವಕಾಶ ಕೊಡ್ಬೇಕು?

ನಾಯಿ ಹನ್ನೆರಡು ವರ್ಷ ಬದುಕುತ್ತೆ, ಓಡೋದು ನಾಲ್ಕೈದರ ತನಕ. ರೇಸ್ ಇರೋವರೆಗೂ ಹೊಸ ಮರಿ ಹುಟ್ಟಿಸ್ತಾನೇ ಇರ್ತಾರೆ, ನಾವು ಎಷ್ಟು ಮನೆ ಹುಡುಕಿದ್ರೂ ತೂತು ಮಡಕೆಗೆ ನೀರು ಹುಯ್ದಂಗೆ. ಫ್ಲೋರಿಡಾದಲ್ಲಿ 2018ರಲ್ಲಿ ಶೇಕಡಾ 69 ಜನ ಬಂದ್ ಆಗ್ಲಿ ಅಂತ ವೋಟ್ ಹಾಕಿದ್ರು, 2020ರ ಕೊನೆಗೆ ನಿಂತೂ ಹೋಯ್ತು, ನಾಯಿ ಬೇಕು ಅಂತ ಜನ ವೆಯ್ಟಿಂಗ್ ಲಿಸ್ಟ್‌ನಲ್ಲಿ ಕಾಯ್ತಿದ್ರು.

ವಿರೋಧ

ನೀನು ಫ್ಲೋರಿಡಾ ಹೇಳ್ತೀಯ ಕಣೆ, ನಾನು ಮಕಾವ್ ಹೇಳ್ತೀನಿ. 2018ರ ಜುಲೈನಲ್ಲಿ ಅಲ್ಲಿಯ ಕ್ಯಾನಿಡ್ರೋಮ್ ಅನ್ನೋ ಗ್ರೇಹೌಂಡ್ ರೇಸ್ ಟ್ರ್ಯಾಕ್ ಮುಚ್ಚಿದಾಗ 500ಕ್ಕಿಂತ ಜಾಸ್ತಿ ಗ್ರೇಹೌಂಡ್ ಕೆನಲ್‌ಗಳಲ್ಲೇ ಉಳಿದುಬಿಟ್ವು. ಅನಿಮಾ ಅನ್ನೋ ಪ್ರಾಣಿ ರಕ್ಷಣಾ ಸಂಸ್ಥೆಯವರು ಹಗಲೂ ರಾತ್ರಿ ಒದ್ದಾಡಿ ಇಟಲಿ, ಅಮೆರಿಕ, ಬ್ರಿಟನ್ ಅಂತ ವಿಮಾನ ಹತ್ತಿಸಿ ಕಳಿಸಬೇಕಾಯ್ತು. ಇಲ್ಲೂ ಘೋಷಣೆಯ ಜೊತೆಗೇ, ಸುಮ್ಸುಮ್ನೆ ನಾಯಿ ಸಾಯಿಸಬಾರದು ಅಂತ ಅರ್ಜೆಂಟಾಗಿ ಕಾನೂನು ತಂದ್ರಲ್ಲ, ಅಂದ್ರೆ ಏನಾಗಬಹುದು ಅನ್ನೋ ಭಯ ಸರ್ಕಾರಕ್ಕೇ ಇತ್ತು.

ನಿನ್ನ ನಾಯಿ ಬಂದದ್ದು, ರೇಸ್ ಬಿಟ್ಟ ನಾಯಿಗಳಿಗೆ ಮನೆ ಹುಡುಕೋ ಗ್ರೇಹೌಂಡ್ಸ್ ಆಸ್ ಪೆಟ್ಸ್ ಸಂಸ್ಥೆಯಿಂದ ತಾನೆ? ಅವರಿಗೆ ದುಡ್ಡು ಬರ್ತಿದ್ದದ್ದು ಬಹುಪಾಲು ರೇಸಿಂಗ್‌ನವರಿಂದಲೇ. ಹಲ್ಲು ಕ್ಲೀನ್ ಮಾಡ್ಸೋದು, ಆಪರೇಷನ್, ಖಾಯಂ ಮನೆ ಸಿಗೋ ತನಕ ಇಟ್ಕೊಳ್ಳೋ ಫಾಸ್ಟರ್ ಮನೆ, ಬೆಕ್ಕು ಕಂಡ್ರೆ ಅಟ್ಟಿಸ್ಕೊಂಡು ಹೋಗುತ್ತಾ ಅಂತ ಟೆಸ್ಟ್ ಮಾಡೋದು, ಎಲ್ಲದಕ್ಕೂ ಖರ್ಚಿದೆ. ಮೈಯಲ್ಲಿ ಕೊಬ್ಬೇ ಇಲ್ಲದ ಜಾತಿ ಇದು, ಕೆಲವು ಅರಿವಳಿಕೆ ಔಷಧಿ ಕೊಟ್ರೆ ಬೇರೆ ನಾಯಿ ಎದ್ದು ಓಡಾಡ್ತಿದ್ರೂ ಇದು ಏಳೋದೇ ಇಲ್ಲ, ನಾವು ಪಕ್ಕದಲ್ಲಿ ಕಂಬಳಿ ಹೊದಿಸ್ಕೊಂಡು ಕೂತಿರ್ತೀವಿ. ತಿಳಿದವರ ಕೈಯಲ್ಲೇ ಇರಬೇಕು. ಕೆನಲ್ ಟ್ರೈನರ್‌ಗಳಲ್ಲಿ ಕೆಟ್ಟವರಿದಾರೆ, ಇಲ್ಲ ಅನ್ನಲ್ಲ, ಆದ್ರೆ ಯಾವ ನಾಯಿ ಯಾವುದಕ್ಕೆ ಹೆದರುತ್ತೆ ಅಂತ ಹೆಸರು ಹಿಡಿದು ಹೇಳೋರೂ ಅಲ್ಲೇ ಇದಾರೆ, ಕೆಲಸ ಹೋದ್ಮೇಲೆ ಅವರನ್ನ ಎಲ್ಲಿ ಹುಡುಕ್ತೀಯ?

ನಾನು ರೇಸ್ ಪ್ರಿಯ ಅಲ್ಲ, ಒಂದು ದಿನ ಬೆಟ್ ಕಟ್ಟಿಲ್ಲ. ಮೊದಲು ಮರಿ ಹುಟ್ಟಿಸೋದು ಕಡಿಮೆ ಮಾಡ್ಲಿ. ಆಸ್ಟ್ರೇಲಿಯಾದ ಹೀಲ್ಸ್‌ವಿಲ್‌ನಲ್ಲಿರೋ ಥರ ತಿರುವಿಲ್ಲದ ನೇರ ಟ್ರ್ಯಾಕ್ ಮಾಡ್ಲಿ. ಹುಟ್ಟಿದ ಪ್ರತಿ ಮರಿಗೂ ಅದರ ಮುಪ್ಪಿನ ಖರ್ಚು ಮುಂಗಡ ಕಟ್ಟಿಸ್ಕೊಳ್ಳಲಿ. ಇನ್ನೂ ಮನೆ ಸಿಗದ ಕೊನೇ ನಾಯಿಯ ಊಟದ ದುಡ್ಡು ಯಾರು ಕೊಡ್ತಾರೆ ಅಂತ ಬರೆದುಕೊಡ್ಲಿ, ಆಮೇಲೆ ಬೇಕಾದ್ರೆ ಗೇಟಿಗೆ ಬೀಗ ಹಾಕ್ಲಿ.