ಜಗಳ ಬಿಡಿಸುವವರು ಎಲ್ಲಿ ಹೋದರು?

ಬೆಂಗಳೂರಿನವರಿಗೆ ಸಿಟ್ಟು ಜಾಸ್ತಿ ಆಗಿದೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಾನಿರುವ ಮುಂಬೈಯಲ್ಲೂ ಸಿಟ್ಟಿಗೇನೂ ಬರ ಇಲ್ಲ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಬೆಳಗಿನ ಫಾಸ್ಟ್ ಲೋಕಲ್ ರೈಲು ಹತ್ತುವವರನ್ನು ಕೇಳಿ ನೋಡಿ. ಕಾಲು ತುಳಿದ, ಬ್ಯಾಗ್ ತಗುಲಿಸಿದ, ಇಳಿಯೋಕೆ ದಾರಿ ಬಿಡಲಿಲ್ಲ ಅಂತ ದಿನಾ ಬೈಗುಳ ಇದ್ದೇ ಇರುತ್ತದೆ. ಅಕ್ಕನ ಮನೆ ಅಂತ ಬೆಂಗಳೂರಿಗೆ ಆಗಾಗ ಬಂದು ಹೋಗುವ ನನಗೆ ಕಾಣುವ ವ್ಯತ್ಯಾಸವೇ ಬೇರೆ. ಮುಂಬೈಯಲ್ಲಿ ಜಗಳ ಬಿಡಿಸುವವರು ಇನ್ನೂ ಇದ್ದಾರೆ. ಬೆಂಗಳೂರಿನಲ್ಲಿ ಕಡಿಮೆಯಾಗುತ್ತಿದ್ದಾರೆ.

ಮುಂಬೈ ಲೋಕಲ್‌ಗಳಲ್ಲಿ ದಿನಕ್ಕೆ ಸುಮಾರು 70 ಲಕ್ಷ ಜನ ಓಡಾಡುತ್ತಾರೆ. ನಮ್ಮ ಡಬ್ಬಿಯಲ್ಲಿ ಒಮ್ಮೆ ಇಬ್ಬರು ಹುಡುಗರು ಕಾಲರ್ ಹಿಡಿಯುವ ತನಕ ಹೋದರು. ಪಕ್ಕದಲ್ಲಿದ್ದ ಹಿರಿಯರೊಬ್ಬರು "ಜಾಊ ದ್ಯಾ, ಜಾಊ ದ್ಯಾ" (ಮರಾಠಿಯಲ್ಲಿ ಹೋಗ್ಲಿ ಬಿಡಿ) ಅನ್ನುತ್ತಾ ಇಬ್ಬರ ನಡುವೆ ತೋಳು ತೂರಿಸಿದರು. ತಪ್ಪು ಯಾರದು ಅಂತ ಕೇಳಲೇ ಇಲ್ಲ. ಒಬ್ಬನನ್ನು ನೋಡಿ, ಎಲ್ಲಿ ಇಳೀಬೇಕಪ್ಪ ಅಂದರು. ಅವನು ಒಂದು ಕ್ಷಣ ತಡೆದು "ದಾದರ್" ಅಂದ. ಹಾಗಾದರೆ ಈ ಕಡೆ ಬಾ, ಬಾಗಿಲು ಈ ಕಡೆ ಬರುತ್ತೆ ಅಂತ ತಮ್ಮ ಜಾಗಕ್ಕೆ ಎಳೆದುಕೊಂಡರು. ಒಳಗಿದ್ದವರು ಒತ್ತಿಕೊಂಡು ನಿಂತರು. ಠಾಣೆ ಬರುವಷ್ಟರಲ್ಲಿ ಉಳಿದಿದ್ದು ಬರೀ ಗೊಣಗಾಟ.

ಆ ಪ್ರಶ್ನೆಯನ್ನು ನಾನು ಬಹಳ ಸಲ ನೆನೆಸಿಕೊಂಡಿದ್ದೇನೆ. ಸಿಟ್ಟು ಬಂದಾಗ ಮೆದುಳಿನ ಒಳಗಿರುವ ಅಮಿಗ್ಡಲಾ ಅನ್ನುವ ಪುಟ್ಟ ಭಾಗ ಅಪಾಯದ ಸುದ್ದಿ ಕೊಡುತ್ತದೆ. ಅಡ್ರಿನಲಿನ್ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕೈಕಾಲಿನ ಸ್ನಾಯು ಬಿಗಿಯುತ್ತದೆ. ಹಿಂದೆ ಮುಂದೆ ಯೋಚಿಸುವ ಕೆಲಸ ಹಣೆಯ ಹಿಂದಿರುವ ಭಾಗದ್ದು. ಅದರ ಹಿಡಿತ ಆಗ ಸಡಿಲವಾಗುತ್ತದೆ. ಎಲ್ಲಿ ಇಳೀಬೇಕು ಅಂತ ಕೇಳಿದರೆ ಉತ್ತರಕ್ಕಾಗಿ ಯೋಚಿಸಲೇಬೇಕಲ್ವಾ? ಅಷ್ಟು ಬಿಡುವೇ ಸಾಕಾಗುತ್ತದೆ. ಆ ಹಿರಿಯರು ಇದನ್ನು ಯಾವ ಪುಸ್ತಕದಲ್ಲೂ ಓದಿರಲಿಕ್ಕಿಲ್ಲ.

ಈಗ ಬೆಂಗಳೂರಿಗೆ ಬರೋಣ. ಸಾರಕ್ಕಿ ಸಿಗ್ನಲ್ ಹತ್ತಿರ ಬೈಕೊಂದರ ಹ್ಯಾಂಡಲ್ ಕಾರಿನ ಕನ್ನಡಿಗೆ ತಗುಲಿತು. ಕನ್ನಡಿ ಒಡೆದಿರಲಿಲ್ಲ, ಒಳಗೆ ಮಡಚಿಕೊಂಡಿತ್ತು ಅಷ್ಟೆ. ಕೈಯಲ್ಲಿ ತಳ್ಳಿದರೆ ಸರಿಹೋಗುತ್ತಿತ್ತು. ಕಾರಿನವನು ಇಳಿದು ಬಂದ. "ಕಣ್ಣು ಕಾಣಲ್ವಾ" ಅಂತ ಶುರುವಾಗಿದ್ದು ನೋಡ ನೋಡುತ್ತಾ "ಎಲ್ಲಿಂದಲೋ ಬಂದವರು" ಅನ್ನುವಲ್ಲಿಗೆ ಹೋಯಿತು. ಆಮೇಲೆ ಭಾಷೆ ಬಂತು. ಹಿಂದೆ ಹಾರ್ನ್ ಶುರುವಾಯಿತು. ಸುತ್ತ ನಿಂತವರಲ್ಲಿ ನಾಲ್ಕೈದು ಜನ ಫೋನ್ ತೆಗೆದರು. ನಡುವೆ ಮಾತ್ರ ಯಾರೂ ಬರಲಿಲ್ಲ. ಬೈಕಿನವನು ಕಾರಿಗೆ ಅಡ್ಡ ಗಾಡಿ ನಿಲ್ಲಿಸಿ, ಹೇಗೆ ಹೋಗ್ತೀಯೋ ಹೋಗು ಅಂತ ನಿಂತುಬಿಟ್ಟ. ಅಷ್ಟು ದೊಡ್ಡ ಕಾರಿನ ಮುಂದೆ!

ಇದು ಬರೀ ಮೊಂಡುತನ ಅಲ್ಲ. ಜೆನ್ನಿಫರ್ ಲರ್ನರ್ ಮತ್ತು ಡ್ಯಾಕರ್ ಕೆಲ್ಟ್ನರ್ ಅನ್ನುವ ಮನಶ್ಶಾಸ್ತ್ರಜ್ಞರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಹೆದರಿದವರಿಗೆ ಅಪಾಯ ದೊಡ್ಡದಾಗಿ ಕಾಣುತ್ತದೆ. ಸಿಟ್ಟಿನಲ್ಲಿರುವವರಿಗೆ ಚಿಕ್ಕದಾಗಿ ಕಾಣುತ್ತದೆ, ನನಗೇನೂ ಆಗಲ್ಲ ಅನ್ನಿಸುತ್ತದೆ. ರಸ್ತೆಯ ಸಿಟ್ಟು ಇಷ್ಟು ಕೆಟ್ಟದ್ದಾಗುವುದು ಇದರಿಂದಲೇ. ಪೆಟ್ಟು ಬೀಳುವ ಜಾಗದಲ್ಲೇ ಪೆಟ್ಟಿನ ಭಯ ಹೋಗಿರುತ್ತದೆ.

ಫೋನ್ ತೆಗೆದವರ ಬಗ್ಗೆ ನನಗೆ ನಿಜಕ್ಕೂ ಬೇಸರ ಇದೆ. ಜಗಳದಲ್ಲಿ ಯಾರಾದರೊಬ್ಬರು ಹಿಂದೆ ಸರಿಯಲೇಬೇಕು. ಮೂರನೆಯವರು ಬಂದು "ಹೋಗ್ಲಿ ಬಿಡಿ ಸಾರ್" ಅಂದರೆ ಸರಿಯುವುದು ಸುಲಭ. ನಾನು ಸೋಲಲಿಲ್ಲ, ಅವರು ಹೇಳಿದರು ಅಂತ ಬಿಟ್ಟೆ ಅಂದುಕೊಂಡು ಮನೆಗೆ ಹೋಗಬಹುದು. ಕ್ಯಾಮೆರಾ ಮುಂದೆ ಹಾಗಲ್ಲ. ಹಿಂದೆ ಸರಿದರೆ ಊರೆಲ್ಲ ನೋಡುತ್ತದೆ ಅನ್ನುವ ಅಂಜಿಕೆಗೇ ಮಾತು ಏರುತ್ತದೆ.

ಬೆಂಗಳೂರಿನ ಜನ ಮೊದಲು ಹೀಗಿರಲಿಲ್ಲ. ಬಸ್ಸಿನಲ್ಲಿ ಚಿಲ್ಲರೆ ಜಗಳ ಎಷ್ಟು ನೋಡಿದ್ದೇವೆ! ಕಂಡಕ್ಟರ್ ದನಿ ಏರಿಸುತ್ತಿದ್ದರು, ಪ್ರಯಾಣಿಕ ಅದಕ್ಕಿಂತ ಏರಿಸುತ್ತಿದ್ದ. ಹಿಂದಿನ ಸೀಟಿನ ಆಂಟಿ ಪರ್ಸ್ ಬಿಚ್ಚಿ, "ತಗೊಳ್ಳಿ, ಒಂದು ರೂಪಾಯಿ ನಾನು ಕೊಡ್ತೀನಿ, ಗಾಡಿ ಬಿಡಿಸಿ" ಅನ್ನುತ್ತಿದ್ದರು. ಅಲ್ಲಿಗೆ ಮುಗಿಯಿತು. ಈಗ ಊರಲ್ಲಿ ಒಂದು ಕೋಟಿಗೂ ಹೆಚ್ಚು ವಾಹನಗಳಿವೆ. ಒಬ್ಬೊಬ್ಬರೂ ಒಂದೊಂದು ಗಾಡಿಯಲ್ಲಿ, ಗ್ಲಾಸ್ ಏರಿಸಿಕೊಂಡು ಅಥವಾ ಹೆಲ್ಮೆಟ್ ಹಾಕಿಕೊಂಡು. ಎದುರಿಗಿರುವವರ ಮುಖವೇ ಕಾಣದಿದ್ದರೆ ಬೈಯುವುದು ಸುಲಭ. ಪಕ್ಕದವರಿಗೂ ಗಾಡಿ ಬಿಟ್ಟು ಇಳಿದು ಬರೋಕೆ ಆಗುವುದಿಲ್ಲ. ಲೋಕಲ್‌ನಲ್ಲಿ ಇನ್ನೊಬ್ಬರ ಬೆವರು ನಿಮ್ಮ ಅಂಗಿಗೆ ಅಂಟುತ್ತಿರುತ್ತದೆ, ಮುಖ ತಿರುಗಿಸೋಕೂ ಜಾಗ ಇರಲ್ಲ. ಹಾಗಾಗಿ ಮೆಟ್ರೋ ಬೆಳೆಯುತ್ತಿರುವುದು ಟೈಮ್ ಉಳಿಸೋಕೆ ಮಾತ್ರ ಅಲ್ಲ, ಪರಸ್ಪರ ಮುಖ ನೋಡೋಕೂ ಒಳ್ಳೆಯದು ಅಂತ ನನಗನ್ನಿಸುತ್ತದೆ.

ಭಾಷೆಯ ವಿಷಯ ಹೇಳಲೇಬೇಕು. ನಾನು ಮರಾಠಿ ಕಲಿತಿದ್ದೇನೆ, ಇರುವ ಊರಿನ ಭಾಷೆ ಕಲಿಯಬೇಕು ಅಂತ ನಂಬಿದವನು. ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲಿ ಅನ್ನುವುದು ನ್ಯಾಯವಾದ ಮಾತು. ಆದರೆ ಮಡಚಿದ ಕನ್ನಡಿಯ ಜಗಳಕ್ಕೆ ಕನ್ನಡವನ್ನು ಎಳೆದು ತಂದರೆ ಒಬ್ಬರೂ ಕನ್ನಡ ಕಲಿಯುವುದಿಲ್ಲ. ಆ ಕಡೆಯವರು ಊರನ್ನೇ ಹಳಿದರೂ ಅಷ್ಟೇ, ಅವರ ಜಗಳವೂ ಬಗೆಹರಿಯುವುದಿಲ್ಲ. ಸಿಟ್ಟಿನ ಗುಣವೇ ಅದು. ಇವತ್ತಿನ ಗೀರಿನ ಜೊತೆ ಹಳೆಯ ಅಸಮಾಧಾನಗಳನ್ನೆಲ್ಲ ಕೂಡಿಸಿ ಎದುರಿಗೆ ಸಿಕ್ಕಿದವರ ಮೇಲೆ ಹಾಕುತ್ತದೆ.

ಸಿಗ್ನಲ್‌ನಲ್ಲಿ ಉಳಿದಿದ್ದು ಮನೆಗೂ ಬರುತ್ತದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತ ನಮ್ಮ ಹಿರಿಯರು ಸುಮ್ನೆ ಹೇಳಲಿಲ್ಲ. ರಸ್ತೆಗುಂಡಿಯನ್ನು ಬೈಯೋಕಾಗಲ್ಲ, ಬಾಸನ್ನು ಬೈಯೋಕಾಗಲ್ಲ. ಹತ್ತು ನಿಮಿಷ ತಡವಾಗಿ ಬಂದ ಡೆಲಿವರಿ ಹುಡುಗ ಸಿಗುತ್ತಾನೆ, ಗೇಟಿನ ಸೆಕ್ಯುರಿಟಿಯವರು ಸಿಗುತ್ತಾರೆ, ಹೋಂವರ್ಕ್ ಮಾಡದ ಮಗು ಸಿಗುತ್ತದೆ. ಅವರು ತಿರುಗಿ ಮಾತಾಡುವ ಹಾಗಿಲ್ಲ. ಬಡವನ ಕೋಪ ದವಡೆಗೆ ಮೂಲ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು.

ಹೊರಗೆ ಹಾಕಿಬಿಟ್ಟರೆ ಮನಸ್ಸು ಹಗುರವಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಬ್ರಾಡ್ ಬುಷ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞರು 2002ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಸಿಟ್ಟು ಬರಿಸಿದವರನ್ನು ನೆನೆಸಿಕೊಂಡು ಪಂಚಿಂಗ್ ಬ್ಯಾಗ್‌ಗೆ ಗುದ್ದಿದವರ ಸಿಟ್ಟು ಇಳಿಯಲಿಲ್ಲ. ಏನೂ ಮಾಡದೆ ಸುಮ್ಮನೆ ಕೂತವರಿಗಿಂತ ಅವರದೇ ಜಾಸ್ತಿ ಇತ್ತು. ಎದೆಗೂ ಇದು ಒಳ್ಳೆಯದಲ್ಲ. ಅಮೆರಿಕದಲ್ಲಿ 1,623 ಹೃದಯಾಘಾತದ ರೋಗಿಗಳನ್ನು ಮಾತಾಡಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತೀವ್ರ ಸಿಟ್ಟಿನ ನಂತರದ ಎರಡು ಗಂಟೆಗಳಲ್ಲಿ ಹೃದಯಾಘಾತದ ಸಾಧ್ಯತೆ 2.3 ಪಟ್ಟಾಗುತ್ತದೆ.

ಸಿಟ್ಟು ದಿನಾ ಕೈಮೀರುತ್ತಿದೆ ಅನ್ನಿಸಿದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಉಚಿತ ಸೇವೆಗೆ ದೇಶಕ್ಕೆಲ್ಲ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಕನ್ನಡದಲ್ಲೇ ಮಾತಾಡಬಹುದು. ಫೋನಿನಲ್ಲಿ ಸಿಗುವ ಮೂರನೆಯವರು ಅಂತಲೇ ಇಟ್ಟುಕೊಳ್ಳಿ.

ಮುಂಬೈ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಗುಂಪು ಕಟ್ಟಿಕೊಂಡು ಸೀಟಿಗೆ ದಬಾಯಿಸುವವರು ಅಲ್ಲೂ ಇದ್ದಾರೆ, ಬಿಡಿಸೋಕೆ ಹೋದವರು ಪೆಟ್ಟು ತಿಂದದ್ದೂ ಇದೆ. ಹಾಗಾಗಿ ಎಲ್ಲ ಜಗಳಕ್ಕೂ ನುಗ್ಗಿ ಅನ್ನುವುದಿಲ್ಲ. ಕೈಯಲ್ಲಿ ರಾಡ್ ಇದ್ದರೆ, ಕುಡಿದಿದ್ದರೆ, ದೂರ ನಿಂತು 112ಕ್ಕೆ ಫೋನ್ ಮಾಡಿ. ಒಂಟಿ ಹೆಂಗಸನ್ನು ಯಾರಾದರೂ ಅಡ್ಡಗಟ್ಟಿದ್ದರೆ ವಿಡಿಯೋ ಬೇಕೇ ಬೇಕು, ನಾಳೆ ಸಾಕ್ಷಿ ಅದೇ. ಆದರೆ ಸಾರಕ್ಕಿಯಲ್ಲಿ ನಾನು ನೋಡಿದಂಥ ಜಗಳಗಳೇ ನಮ್ಮಲ್ಲಿ ಜಾಸ್ತಿ. ಅಲ್ಲಿಗೆ ಇಬ್ಬರು ಒಟ್ಟಿಗೆ ಹೋದರೆ ಸಾಕು. ತೀರ್ಪು ಕೊಡಬೇಡಿ. ಸ್ವಲ್ಪ ತಣ್ಣಗಿರುವವರನ್ನು ಮೊದಲು ಪಕ್ಕಕ್ಕೆ ಕರೆಯಿರಿ. ಇನ್ನೊಬ್ಬರನ್ನು, ಯಾವ ಕಡೆ ಹೋಗಬೇಕು ಸಾರ್ ಅಂತ ಕೇಳಿ.