ಹಿಂದಿನ ಸಾಲಿನ ಗೊಣಗಾಟ

ಬೆಂಗಳೂರಿನ ಜೆ.ಪಿ. ನಗರದ ರಂಗಶಂಕರ ರಂಗಮಂದಿರದಲ್ಲಿ ನೋಡಿದ್ದ ಹಾಡಿನ ನಾಟಕವನ್ನು ಮೊನ್ನೆ ದೊಡ್ಡ ಸಭಾಂಗಣವೊಂದರಲ್ಲಿ ಮತ್ತೆ ನೋಡಿದೆ. ಹಿಂದೆ ಕೂತವರು ಪ್ರತಿ ಹಾಡಿಗೂ 'ಅಲ್ಲಿನ ಮಜಾ ಇಲ್ಲಿಲ್ಲ' ಅಂತ ಗೊಣಗುತ್ತಲೇ ಇದ್ದರು. ನಿಜ, ಅಲ್ಲಿ ಸುಮಾರು 300 ಸೀಟು. ವೇದಿಕೆ ಜನರತ್ತ ಚಾಚಿಕೊಂಡಿದೆ. ಹಾರ್ಮೋನಿಯಂ ತಿದಿಯ ಉಸಿರೂ ಕೇಳಿಸುತ್ತಿತ್ತು. ಇಲ್ಲಿ ಮೈಕ್ ಬೇಕೇ ಬೇಕು, ಮೇಳದ ದನಿ ಸ್ಪೀಕರಿನಿಂದ ಬರುತ್ತದೆ. ನನಗೂ ಬೇಜಾರಾಯಿತು. ಆದರೆ ಅದನ್ನು ನಾಟಕ ಮುಗಿದ ಮೇಲೆ ಹೇಳಬಹುದಲ್ವಾ? ಅಲ್ಲಿ ಟಿಕೆಟ್ ಸಿಗದವರು ಎಷ್ಟೋ ಮಂದಿ ಇಲ್ಲಿಗೆ ಬಂದಿದ್ದರು. ನಾಟಕ ನೋಡುವುದು ಇದೇ ಮೊದಲು ಅಂದಿದ್ದ ಪಕ್ಕದ ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದರು. ಕೊನೆಯ ಹಾಡಿನ ಮೌನದಲ್ಲೂ ಅದೇ ಪಿಸುಮಾತು. ಎರಡು ಸಲ ತಿರುಗಿ ನೋಡಿದೆ. ಆದರೂ ಸುಮ್ನಾಗಲಿಲ್ಲ.